ಗಂಟೆ ಮೂಕವಾದಾಗ ನುಡಿಯುವ ತೊಗಲು

ಸ್ಪೇನ್ ದೇಶದ ಈಶಾನ್ಯಕ್ಕಿರುವ ಆರಗಾನ್ ಪ್ರದೇಶದ ತೆರ್ವೆಲ್ ಪ್ರಾಂತ್ಯದಲ್ಲಿ, ಬೋಳು ಗುಡ್ಡಗಳ ಕೆಳಗೆ ಆಲಿವ್ ತೋಪುಗಳನ್ನೂ ಪೀಚ್ ತೋಟಗಳನ್ನೂ ನೆಚ್ಚಿಕೊಂಡು ಬದುಕುವ ಕಲಾಂಡಾ ಎಂಬ ಊರಿನ ಜನಸಂಖ್ಯೆ ನಾಲ್ಕು ಸಾವಿರವನ್ನೂ ಮುಟ್ಟುವುದಿಲ್ಲ. ಏಸುಕ್ರಿಸ್ತನು ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನವೆಂದು ಕ್ರೈಸ್ತರು ಆಚರಿಸುವ ಶುಭ ಶುಕ್ರವಾರದಂದು ಇಲ್ಲಿನ ಬಹುಪಾಲು ಜನ, ಅವರೊಡನೆ ಹೊಟ್ಟೆಪಾಡಿಗಾಗಿ ದೂರದ ನಗರಗಳನ್ನು ಸೇರಿದ ಊರಿನ ಮಕ್ಕಳು, ನೇರಳೆ ಬಣ್ಣದ ನಿಲುವಂಗಿ ತೊಟ್ಟು, ಹೆಗಲಿಗೆ ಚರ್ಮವಾದ್ಯ ತಗುಲಿಸಿಕೊಂಡು, ಚರ್ಚಿನ ಮುಂದಿನ ಚೌಕದಲ್ಲಿ ಒತ್ತೊತ್ತಾಗಿ ನಿಲ್ಲುತ್ತಾರೆ. ಗಡಿಯಾರ ಮಧ್ಯಾಹ್ನದ ಹನ್ನೆರಡನ್ನು ತೋರಿಸಿದೊಡನೆ ಅಷ್ಟೂ ವಾದ್ಯಗಳು ಒಂದೇ ಏಟಿಗೆ ಮೊಳಗತೊಡಗುತ್ತವೆ. ಮರುದಿನ ಮಧ್ಯಾಹ್ನ 2 ಗಂಟೆಯವರೆಗೆ, ಅಂದರೆ 26 ಗಂಟೆಗಳ ಕಾಲ, ಊರಿನ ಯಾವುದಾದರೊಂದು ಬೀದಿಯಲ್ಲಿ ಆ ಬಡಿತ ಇದ್ದೇ ಇರುತ್ತದೆ. ಮೊದಲ ಏಟಿನ ಆ ಕ್ಷಣಕ್ಕೆ ಸ್ಥಳೀಯರು ‘ರೊಂಪಿದಾ ದೆ ಲಾ ಓರಾ’ ಎನ್ನುತ್ತಾರೆ. ಹೊತ್ತನ್ನು ಒಡೆಯುವುದು ಎಂದು ಅದರ ಅರ್ಥ.

ಕಲಾಂಡಾ ಇಂಥ ಊರುಗಳಲ್ಲಿ ಒಂದು ಮಾತ್ರ. ಅದರ ಸುತ್ತಮುತ್ತಲಿನ ಇಹಾರ್, ಲಾ ಪ್ವೆಬ್ಲಾ ದೆ ಇಹಾರ್, ಸಾಂಪೆರ್ ದೆ ಕಲಾಂಡಾ, ಉರ್ರೆಯಾ ದೆ ಗಾಯೆನ್, ಅಲ್ಬಲಾತೆ ದೆಲ್ ಅರ್ಸೊಬಿಸ್ಪೊ, ಆಂದೋರಾ, ಅಲ್ಕೊರಿಸಾ ಮತ್ತು ಅಲ್ಕಾನ್ಯೀಸ್ ಸೇರಿದರೆ ಕೆಳ ಆರಗಾನ್ ಸೀಮೆಯ ಒಂಬತ್ತು ಊರುಗಳಾಗುತ್ತವೆ. ಇಲ್ಲಿ ನುಡಿಸುವ ಎರಡು ಚರ್ಮವಾದ್ಯಗಳನ್ನು ನೆನಪಿಸುವ ‘ತಂಬೋರ್ ಮತ್ತು ಬೊಂಬೊ ಹಾದಿ’ ಎಂಬ ಹೆಸರಿನಲ್ಲಿ ಇವು ತಮ್ಮದೇ ಒಕ್ಕೂಟ ಕಟ್ಟಿಕೊಂಡಿವೆ. ದಕ್ಷಿಣಕ್ಕೆ ಇಳಿದರೆ ಕಸ್ತೀಯಾ–ಲಾ ಮಾಂಚಾ ಪ್ರದೇಶದ ಎಯ್ಯೀನ್, ಅದರ ಆಡಳಿತಕ್ಕೆ ಸೇರಿದ ಆಗ್ರಮೋನ್ ಮತ್ತು ಪಕ್ಕದ ತೊಬಾರ್ರಾ, ಮುರ್ಸಿಯಾದ ಮೂಲಾ ಮತ್ತು ಮೊರತಾಯಾ, ಆಂದಲೂಸಿಯಾದ ಬಾಯೇನಾ, ವಲೆನ್ಸಿಯಾ ಪ್ರದೇಶದ ಅಲ್ಸೀರಾ ಹಾಗೂ ಅಲ್ಕೋರಾ ಸಿಗುತ್ತವೆ. ಐದು ಪ್ರದೇಶಗಳಲ್ಲಿ ಹರಡಿದ ಈ 17 ಊರುಗಳ ವಾದನವಿಧಿಯನ್ನು ಯುನೆಸ್ಕೊ ಸಂಸ್ಥೆಯು 2018ರಲ್ಲಿ, ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ನಡೆದ ಸಮಿತಿ ಸಭೆಯಲ್ಲಿ, ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು. ‘ತಂಬೊರಾದಾ’ ಎಂಬ ಒಂದೇ ಹೆಸರಿನಡಿ ಪಟ್ಟಿಯಲ್ಲಿ ನಿಂತಿದ್ದರೂ ಊರಿಂದೂರಿಗೆ ಉಡುಪು, ದಿನ, ಬಡಿತ, ವಾದ್ಯದ ಕಟ್ಟು ಎಲ್ಲವೂ ಬೇರೆ ಬೇರೆ. ಎಲ್ಲೆಡೆಯೂ ಕಾಣುವ ಸಂಗತಿ ಒಂದಿದೆ: ನುಡಿಸುವವರು ಕೇಳುಗರಿಗಾಗಿ ನುಡಿಸುವುದಿಲ್ಲ. ಚೌಕದಲ್ಲಿ ವೇದಿಕೆಯಿಲ್ಲ, ನುಡಿಸುವವರ ಸಾಲಿನಾಚೆ ಕುಳಿತ ಸಭೆಯೆಂಬುದಿಲ್ಲ. ಹಬ್ಬವೆಂದರೆ ಮೈಯಿಂದ ದುಡಿಯಬೇಕಾದ ಕೆಲಸ ಎಂಬ ತಿಳಿವಳಿಕೆ ಈ ಊರುಗಳಲ್ಲಿದೆ. ತೊಗಲು, ಬಳೆ, ಬಟ್ಟೆಗಳ ಕುಶಲಕರ್ಮವನ್ನು ಆ ತಿಳಿವಳಿಕೆಯಿಂದ ಬಿಡಿಸಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ಈ ಸದ್ದಿನ ಬೇರು ಕ್ಯಾಥೊಲಿಕ್ ಪೂಜಾಕ್ರಮದಲ್ಲಿಯೇ ಇದೆ ಎಂದು ನಂಬಲು ಬಲವಾದ ಕಾರಣಗಳುಂಟು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ, ಗುರುವಾರದ ಬಲಿಪೂಜೆಯ ಮಹಿಮಾಗೀತೆ ಮುಗಿದ ಬಳಿಕ ಚರ್ಚಿನ ಗಂಟೆಗಳು ಮೂಕವಾಗುತ್ತವೆ. ಪುನರುತ್ಥಾನದ ಜಾಗರಣೆಯಲ್ಲಿ ಅದೇ ಗೀತೆಯನ್ನು ಮತ್ತೆ ಹಾಡುವವರೆಗೂ ಅವುಗಳ ನಾಲಿಗೆ ಅಲ್ಲಾಡುವುದಿಲ್ಲ. ಆ ಅವಧಿಯಲ್ಲಿ ಜನರನ್ನು ಕರೆಯಲು ಮರದ ಹಲಗೆಗಳನ್ನು ಒಂದಕ್ಕೊಂದು ಬಡಿಯುವ, ಹಲ್ಲುಗಾಲಿಯನ್ನು ತಿರುಗಿಸಿ ಕಟಕಟ ಎನ್ನಿಸುವ ಸಾಧನಗಳನ್ನು ಬಳಸುತ್ತಾರೆ. ಕರ್ನಾಟಕದ ಕರಾವಳಿಯ ಕ್ಯಾಥೊಲಿಕ್ ಚರ್ಚುಗಳಿಗೂ ಈ ಮರದ ಸದ್ದು ಪರಿಚಿತ. ಇದರೊಡನೆ, ಹಿಂದಿನ ಕಾಲದ ‘ಕತ್ತಲೆಯ ಪ್ರಾರ್ಥನೆ’ಯಲ್ಲಿ ತ್ರಿಕೋನಾಕಾರದ ದೀಪಸ್ತಂಭದ ಮೇಣದಬತ್ತಿಗಳನ್ನು ಒಂದೊಂದಾಗಿ ನಂದಿಸುತ್ತ ಬಂದು, ಕೊನೆಗೆ ಕತ್ತಲಲ್ಲಿ ಪುಸ್ತಕಗಳನ್ನೂ ಆಸನಗಳನ್ನೂ ಕೈಯಿಂದ ಬಡಿದು ಗದ್ದಲ ಎಬ್ಬಿಸುವ ಪದ್ಧತಿಯಿತ್ತು. ಏಸು ಪ್ರಾಣಬಿಟ್ಟ ಗಳಿಗೆಯಲ್ಲಿ ದೇವಾಲಯದ ತೆರೆ ಹರಿದು, ಭೂಮಿ ನಡುಗಿ, ಬಂಡೆಗಳು ಸೀಳಿದುವೆಂದು ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯ ಹೇಳುವ ಭೂಕಂಪವೇ ಆ ಗದ್ದಲದಲ್ಲಿ ಅಭಿನಯಗೊಳ್ಳುತ್ತಿತ್ತು. ಗರ್ಭಗುಡಿಯ ಬಳಿ ಪುರೋಹಿತವರ್ಗ ಕೆಲವು ಕ್ಷಣಗಳಿಗೆ ಮಾಡುತ್ತಿದ್ದ ಈ ಸದ್ದನ್ನು ಬೀದಿಯ ಜನ ತಮ್ಮ ಕೈಗೆ ತೆಗೆದುಕೊಂಡು, ಗಂಟೆ ಮೂಕವಾಗಿರುವ ಕಾಲವನ್ನೆಲ್ಲ ಅದರಿಂದ ತುಂಬಿದರು ಎಂಬುದು ಚರಿತ್ರೆಯ ದಾಖಲೆಗಿಂತ ಹೆಚ್ಚಾಗಿ ಆಚರಣೆಯ ಒಳರಚನೆಯಿಂದಲೇ ಕಾಣುವ ಸಂಬಂಧ. 1955ರಲ್ಲಿ ಪೋಪ್ 12ನೇ ಪೀಯುಸ್ ಪವಿತ್ರ ವಾರದ ವಿಧಿಗಳನ್ನು ಪರಿಷ್ಕರಿಸುವವರೆಗೂ ಪುನರುತ್ಥಾನದ ಜಾಗರಣೆ ಶನಿವಾರ ಬೆಳಗ್ಗೆಯೇ ನಡೆದು, ಗಂಟೆಗಳು ಹಗಲಿನಲ್ಲಿಯೇ ಮರಳಿ ನುಡಿಯುತ್ತಿದ್ದವು. ಕಲಾಂಡಾದಲ್ಲಿ ವಾದನ ಇಂದಿಗೂ ಶನಿವಾರದ ಹಗಲಿನಲ್ಲಿ ಮುಗಿಯುವುದು ಆ ಹಳೆಯ ವೇಳಾಪಟ್ಟಿಯ ನೆನಪಾಗಿರುವ ಸಂಭವ ಹೆಚ್ಚು.

ಹುಟ್ಟಿನ ಬಗ್ಗೆ ಪ್ರತಿ ಊರಿಗೂ ತನ್ನದೇ ಕಥೆಯುಂಟು. 1127ರ ಸುಮಾರಿಗೆ ಮುಸ್ಲಿಂ ಪಡೆಯೊಂದು ಏರಿಬರುತ್ತಿರುವುದನ್ನು ಕಂಡ ಕುರುಬನೊಬ್ಬ ಚರ್ಮವಾದ್ಯ ಬಡಿದು ಎಚ್ಚರಿಸಿದನೆಂದೂ, ಆ ಸದ್ದು ಊರಿಂದೂರಿಗೆ ದಾಟುತ್ತ ಹೋಗಿ ಜನರನ್ನು ಉಳಿಸಿತೆಂದೂ ಕಲಾಂಡಾದ ಕಡೆ ಹೇಳುತ್ತಾರೆ. ಇಹಾರ್‌ನವರು ತಮ್ಮ ಫ್ರಾನ್ಸಿಸ್ಕನ್ ಸನ್ಯಾಸಿಗಳನ್ನೂ, ಆ ಸನ್ಯಾಸಿಗಳ ಮಾರ್ಗದರ್ಶನದಲ್ಲಿ ಗೃಹಸ್ಥರು ಕಟ್ಟಿಕೊಂಡ ‘ಮೂರನೆಯ ಸಂಘ’ವನ್ನೂ ಮೂಲವೆಂದು ತೋರಿಸುತ್ತಾರೆ. ಕುರುಬನ ಕಥೆ ಐತಿಹ್ಯ. ಸನ್ಯಾಸಿಗಳ ಪಾತ್ರಕ್ಕೆ, ಪ್ರಾಯಶ್ಚಿತ್ತದ ಮೆರವಣಿಗೆಗಳನ್ನು ಅವರೇ ಊರೂರಿಗೆ ಒಯ್ದದ್ದನ್ನು ನೆನೆದರೆ, ಹೆಚ್ಚಿನ ಆಧಾರವಿದೆ. ಇಂದು ಕಾಣುವ ರೂಪ ಮಾತ್ರ ಅಷ್ಟು ಹಳೆಯದಲ್ಲ. ಕಲಾಂಡಾದಲ್ಲಿ ಕ್ಷೀಣಿಸಿದ್ದ ವಾದನವನ್ನು 20ನೇ ಶತಮಾನದ ಆರಂಭದಲ್ಲಿ ವಿಸೆಂತೆ ಅಯಾನೆಗಿ ಎಂಬ ಊರಿನ ಪಾದ್ರಿ ಮತ್ತೆ ಎತ್ತಿ ನಿಲ್ಲಿಸಿ, ಅದಕ್ಕೊಂದು ಕ್ರಮ ಹಾಕಿಕೊಟ್ಟರೆಂದು ಅಲ್ಲಿನವರು ಕೃತಜ್ಞತೆಯಿಂದ ನೆನೆಯುತ್ತಾರೆ. ಪರಂಪರೆಯು ತಾನಾಗಿ ಹರಿದು ಬಂದ ನದಿಯೆಂದು ಭಾವಿಸುವವರಿಗೆ ಈ ಸಂಗತಿ ಮುಖ್ಯವಾದುದು. ಬತ್ತುತ್ತಿದ್ದ ಆಚರಣೆಯನ್ನು ಯಾರೋ ಒಬ್ಬರು ಕೈಹಾಕಿ ಉಳಿಸಿದ್ದರಿಂದಲೇ ಅದು ಇಂದಿಗೂ ಇದೆ.

ವಾದ್ಯಗಳು ಮುಖ್ಯವಾಗಿ ಎರಡು ಬಗೆ. ಸೊಂಟದ ಪಕ್ಕಕ್ಕೆ ಓರೆಯಾಗಿ ತೂಗುವ, ಎರಡು ಸಣ್ಣ ಕೋಲುಗಳಿಂದ ಮೇಲ್ಮೈಯನ್ನಷ್ಟೇ ಬಡಿಯುವ ಚಿಕ್ಕ ವಾದ್ಯ ‘ತಂಬೋರ್’. ಎದೆಯ ಮುಂದೆ ನೆಟ್ಟಗೆ ನಿಂತು, ಗಂಟುತಲೆಯ ‘ಮಾಸಾ’ ಎಂಬ ಕೋಲಿನ ಏಟು ತಿನ್ನುವ ಭಾರಿ ವಾದ್ಯ ‘ಬೊಂಬೊ’. ಎರಡಕ್ಕೂ ಎರಡೆರಡು ಮುಖಗಳಿವೆ. ತಂಬೋರಿನ ಮೇಲ್ಮುಚ್ಚಿಗೆ ಏಟನ್ನು ಪಡೆಯುತ್ತದೆ, ಕೆಳಮುಚ್ಚಿಗೆ ಒಳಗಿನ ಗಾಳಿಯ ಒತ್ತಡಕ್ಕೆ ಕಂಪಿಸುತ್ತದೆ; ಆ ಕೆಳಮುಚ್ಚಿಗೆಗೆ ಅಡ್ಡಲಾಗಿ, ತಾಗಿಯೂ ತಾಗದಂತೆ, ಪ್ರಾಣಿಯ ಕರುಳಿನಿಂದ ಹೊಸೆದ ಹುರಿಗಳನ್ನೋ ಲೋಹದ ತಂತಿಗಳನ್ನೋ ಬಿಗಿದಿರುತ್ತಾರೆ. ‘ಬೊರ್ದೋನ್’ ಎಂದು ಕರೆಯುವ ಈ ಹುರಿಗಳು ಕಂಪಿಸುವ ತೊಗಲನ್ನು ಮತ್ತೆ ಮತ್ತೆ ತಟ್ಟುವುದರಿಂದಲೇ ತಂಬೋರಿಗೆ ಆ ಒಣ, ಸೀಳುವ, ಚರಚರ ಎನ್ನುವ ದನಿ ಬರುತ್ತದೆ. ಬೊಂಬೊಗೆ ಹುರಿಯಿಲ್ಲ; ಅದರ ಅಗಲವಾದ ಮುಖ ಮತ್ತು ಆಳವಾದ ಒಡಲು ಹೊರಡಿಸುವ ನಾದ ಕಿವಿಗಿಂತ ಮುಂಚೆ ಎದೆಗೂಡಿಗೆ ಮುಟ್ಟುತ್ತದೆ. ನೂರಾರು ತಂಬೋರುಗಳ ಚರಚರದ ಕೆಳಗೆ ಬೊಂಬೊಗಳ ಈ ಮಂದ್ರ ಹಾಸಿಕೊಂಡಿದ್ದರಿಂದಲೇ, ಎರಡೂ ಕಡೆ ಕಲ್ಲಿನ ಮನೆಗಳಿರುವ ಇಕ್ಕಟ್ಟಾದ ಬೀದಿಗಳಲ್ಲಿ ಒಟ್ಟು ಸದ್ದು ನೆಲದಿಂದ ಎದ್ದಂತೆ ಭಾಸವಾಗುತ್ತದೆ.

ಕಸುಬಿನ ಕಷ್ಟವೆಲ್ಲ ಇರುವುದು ತೊಗಲಿನಲ್ಲಿ. ಸಾಂಪ್ರದಾಯಿಕವಾಗಿ ಬಳಕೆಯಾಗುವುದು ಹೆಚ್ಚಾಗಿ ಆಡಿನ ತೊಗಲು. ತಂಬೋರಿಗೆ ತೆಳ್ಳನೆಯದು, ಬೊಂಬೊಗೆ ದಪ್ಪನೆಯದು. ಪಾದರಕ್ಷೆಗೋ ಚೀಲಕ್ಕೋ ಬಳಸುವ ಚರ್ಮವನ್ನು ತೊಗಟೆಯ ರಸದಲ್ಲಿ ಹದ ಮಾಡಿ ಮೆತ್ತಗಾಗಿಸುತ್ತಾರೆ; ವಾದ್ಯದ ತೊಗಲಿಗೆ ಆ ಹದ ಸಲ್ಲದು, ಅದು ಒಣಗಿದಾಗ ಪಾರದರ್ಶಕ ಹಾಳೆಯಂತೆ ಸೆಟೆದುಕೊಳ್ಳಬೇಕು. ಆದ್ದರಿಂದ ಹಸಿ ತೊಗಲನ್ನು ನೀರಿನಲ್ಲಿ ನೆನೆಹಾಕಿ, ಸುಣ್ಣದ ನೆರವಿನಿಂದ ಕೂದಲನ್ನು ಸಡಿಲಗೊಳಿಸಿ, ಒಳಮೈಗೆ ಅಂಟಿದ ಮಾಂಸ ಮತ್ತು ಕೊಬ್ಬನ್ನು ಹೆರೆದು ತೆಗೆದು, ಚೆನ್ನಾಗಿ ತೊಳೆದು, ಒದ್ದೆಯಾಗಿರುವಾಗಲೇ ಮರದ ತೆಳು ಬಳೆಗೆ ಅಂಚನ್ನು ಸುತ್ತಿ ಮಡಿಚಿ ಸಿಕ್ಕಿಸುತ್ತಾರೆ. ಒಣಗುತ್ತ ಹೋದಂತೆ ತೊಗಲು ಕುಗ್ಗಿ ಬಳೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಹೆರೆಯುವ ಕೈ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಒತ್ತಿದರೆ ಮುಚ್ಚಿಗೆಯ ದಪ್ಪ ಏರುಪೇರಾಗಿ ದನಿ ಒಡಕಾಗುತ್ತದೆ. ಪ್ರಾಣಿಯ ಬೆನ್ನೆಲುಬಿನ ಸಾಲು ಎಲ್ಲಿ ಬರಬೇಕೆಂಬುದನ್ನು ನೋಡಿ ಕೂರಿಸದಿದ್ದರೆ ಎಳೆತ ಸಮನಾಗಿ ಹಂಚಿಕೊಳ್ಳುವುದಿಲ್ಲ. ಇವೆಲ್ಲ ಅಳತೆಪಟ್ಟಿಯಿಂದ ಕಲಿಯುವ ಸಂಗತಿಗಳಲ್ಲ. ಬೆರಳಿನ ತುದಿಯಿಂದ ತೊಗಲನ್ನು ಸವರಿ, ಬೆಳಕಿಗೆ ಹಿಡಿದು, ಬೆರಳಗೆಣ್ಣಿನಿಂದ ತಟ್ಟಿ ಕೇಳಿ ತಿಳಿಯಬೇಕಾದವು.

ಮುಚ್ಚಿಗೆ ಕೂತ ಮೇಲೆ ಅದನ್ನು ಒಡಲಿಗೆ ಬಿಗಿಯುವ ವಿಧಾನದಲ್ಲಿ ಎರಡು ಕಾಲಗಳು ಕಾಣುತ್ತವೆ. ಹಳೆಯ ವಾದ್ಯಗಳಲ್ಲಿ ಮೇಲಿನ ಬಳೆಯಿಂದ ಕೆಳಗಿನ ಬಳೆಗೆ ಹಗ್ಗವನ್ನು ಓರೆಯಾಗಿ ಹೆಣೆದು, ಆ ಹಗ್ಗದ ಜೋಡಿ ಎಳೆಗಳಿಗೆ ಚರ್ಮದ ಪಟ್ಟಿಗಳನ್ನು ತೊಡಿಸುತ್ತಿದ್ದರು. ಪಟ್ಟಿಯನ್ನು ಕೆಳಕ್ಕೆ ಸರಿಸಿದರೆ ಎಳೆಗಳು ಹತ್ತಿರವಾಗಿ ತೊಗಲು ಬಿಗಿಯುತ್ತದೆ, ಮೇಲಕ್ಕೆ ಸರಿಸಿದರೆ ಸಡಿಲವಾಗುತ್ತದೆ. ಈಚಿನ ವಾದ್ಯಗಳಲ್ಲಿ ಹಗ್ಗದ ಜಾಗಕ್ಕೆ ಕಬ್ಬಿಣದ ಕಂಬಿ ಮತ್ತು ತಿರುಪುಗಳು ಬಂದಿವೆ, ಮರದ ಒಡಲಿನ ಜಾಗಕ್ಕೆ ಹಿತ್ತಾಳೆ ಅಥವಾ ಉಕ್ಕಿನ ತಗಡು ಬಂದಿದೆ. ಎಯ್ಯೀನ್ ಮತ್ತು ತೊಬಾರ್ರಾ ಊರುಗಳಲ್ಲಿ ತಗಡನ್ನು ಬಾಗಿಸಿ ಬೆಸೆದು, ಹೊಳಪು ಕೊಟ್ಟು, ತಿರುಪಿನ ತಲೆಗಳಿಗೂ ಅಲಂಕಾರ ಮಾಡುವ ಕಸುಬುದಾರಿಕೆ ಸ್ಥಳೀಯರ ಹೆಮ್ಮೆಯ ವಿಷಯ. ತೊಗಲಿನ ಬದಲು ಪ್ಲಾಸ್ಟಿಕ್ ಮುಚ್ಚಿಗೆಯೂ ಬಹಳ ಕಡೆ ಬಳಕೆಗೆ ಬಂದಿದೆ. ಅದಕ್ಕೆ ಕಾರಣವಿಲ್ಲದಿಲ್ಲ: ಈಸ್ಟರ್ ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಬರುವುದರಿಂದ ಆ ಹೊತ್ತಿನ ಹವೆಯನ್ನು ನಂಬುವಂತಿಲ್ಲ, ಮಳೆ ಹನಿದರೆ, ರಾತ್ರಿಯ ತೇವ ಏರಿದರೆ ತೊಗಲು ನೀರನ್ನು ಹೀರಿ ಜೋಲುತ್ತದೆ, ದನಿ ಸತ್ತುಹೋಗುತ್ತದೆ, ಆರಗಾನಿನ ವಾಯವ್ಯ ದಿಕ್ಕಿನಿಂದ ಬೀಸುವ ‘ಸಿಯೆರ್ಸೊ’ ಎಂಬ ಒಣಗಾಳಿಗೆ ಸಿಕ್ಕರೆ ಅತಿಯಾಗಿ ಸೆಟೆದು ಬಿರಿಯಲೂಬಹುದು. ಪ್ಲಾಸ್ಟಿಕ್‌ಗೆ ಈ ಚಿಂತೆಯಿಲ್ಲ. ಆದರೆ ಅದರ ದನಿ ಎತ್ತರಿಸಿದ್ದು, ಹರಿತವಾದದ್ದು ಮತ್ತು ಎಲ್ಲ ವಾದ್ಯಗಳಲ್ಲಿಯೂ ಒಂದೇ ಬಗೆಯದು. ಹಿಂದೆ ಪ್ರತಿ ತಂಬೋರೂ ತನ್ನ ತೊಗಲಿನ ಗುಣಕ್ಕೆ ತಕ್ಕಂತೆ ಒಂದಿಷ್ಟು ಬೇರೆಯಾಗಿ ನುಡಿಯುತ್ತಿದ್ದುದರಿಂದ ಒಟ್ಟು ಸದ್ದಿಗೆ ಬರುತ್ತಿದ್ದ ದಪ್ಪವೂ ಒರಟುತನವೂ ಅದರಲ್ಲಿ ತೆಳುವಾಗುತ್ತವೆ. ಇದು ದೊಡ್ಡ ನಷ್ಟವೆಂದೇ ಹೇಳಬೇಕು. ಬಾಯೇನಾ ಮತ್ತು ಮೊರತಾಯಾ ಊರುಗಳಲ್ಲಿ ತೊಗಲಿನ ಮೇಲಿನ ನಿಷ್ಠೆ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ಆ ಕಾರಣಕ್ಕೆ ಮೆಚ್ಚಬೇಕಾದ ಸಂಗತಿ.

ಕಲಾಂಡಾದ ಬೊಂಬೊ ವಾದಕರ ಬಗ್ಗೆ ಕೇಳಿದವರಿಗೆಲ್ಲ ರಕ್ತದ ಕಲೆಗಳ ವಿಷಯ ತಿಳಿದಿರುತ್ತದೆ. ಗಂಟೆಗಟ್ಟಲೆ ಬಡಿಯುವಾಗ ಕೋಲು ಹಿಡಿದ ಕೈಯ ಗೆಣ್ಣುಗಳು ಮುಚ್ಚಿಗೆಗೂ ಬಳೆಯ ಅಂಚಿಗೂ ಉಜ್ಜಿ, ಸಿಪ್ಪೆ ಸುಲಿದು, ಬಿಳಿಯ ತೊಗಲಿನ ಮೇಲೆ ರಕ್ತ ಮೂಡುತ್ತದೆ. ಛಾಯಾಚಿತ್ರಕಾರರು ಈ ದೃಶ್ಯವನ್ನು ಹುಡುಕಿಕೊಂಡು ಬರುವುದರಿಂದ ಹೊರಗಿನವರ ಕಣ್ಣಿಗೆ ಅದೇ ಹಬ್ಬದ ತಿರುಳಾಗಿ ಕಂಡಿದೆ. ಕ್ರಿಸ್ತನ ಯಾತನೆಯಲ್ಲಿ ದೇಹದಿಂದ ಪಾಲುಗೊಳ್ಳುವ ಪ್ರಾಯಶ್ಚಿತ್ತದ ಹಳೆಯ ಸಂಪ್ರದಾಯ ಇದರ ಹಿಂದಿದೆ ಎಂಬುದು ನಿಜ. ಆದರೂ ರಕ್ತಕ್ಕಿಂತ ಮುಖ್ಯವಾದದ್ದು ನಿದ್ದೆಗೆಟ್ಟು, ಹೆಗಲು ಸೋತು, ಬಡಿತದ ಲೆಕ್ಕ ತಪ್ಪದಂತೆ ಸಾಗುವ ತಾಳ್ಮೆ. ಬೇಸಿಗೆಯಲ್ಲಿ ಮರದ ಮೇಲಿರುವ ಒಂದೊಂದು ಪೀಚ್ ಹಣ್ಣಿಗೂ ಕೀಟ ತಾಗದಂತೆ ಕಾಗದದ ಚೀಲ ಕಟ್ಟುವುದು ಕಲಾಂಡಾದ ಬೇಸಾಯಕ್ರಮ. ಸಾವಿರಾರು ಸಲ ಒಂದೇ ಚಲನೆಯನ್ನು ಬೇಸರಿಸದೆ ಮಾಡುವ ಆ ಕೈಗಳೇ ವಸಂತದಲ್ಲಿ ಕೋಲು ಹಿಡಿಯುತ್ತವೆ.

ಉಡುಪಿನ ಕುಶಲಕರ್ಮಕ್ಕೆ ಸಿಗುವ ಗಮನ ಕಡಿಮೆ, ಅದರಲ್ಲಿ ಹಿಡಿಯುವ ದುಡಿಮೆ ಹೆಚ್ಚು. ಕಲಾಂಡಾದಲ್ಲಿ ನೇರಳೆ, ಇಹಾರ್‌ನಲ್ಲಿ ಕಪ್ಪು, ಅಲ್ಕಾನ್ಯೀಸ್‌ನಲ್ಲಿ ನೀಲಿ ಎಂದು ನಿಲುವಂಗಿಯ ಬಣ್ಣ ಊರನ್ನು ಗುರುತಿಸುತ್ತದೆ. ‘ತೂನಿಕಾ’ ಎಂಬ ಈ ಅಂಗಿ ಕಾಲಿನವರೆಗೂ ಇಳಿಯುವಂಥದು, ಸೊಂಟಕ್ಕೆ ಹುರಿ ಕಟ್ಟುವಂಥದು. ಬಣ್ಣವೊಂದೇ ಇರುವಲ್ಲಿ ಶ್ರೀಮಂತ–ಬಡವ, ಯಜಮಾನ–ಆಳು ಎಂಬ ಗುರುತುಗಳು ಕನಿಷ್ಠ ಒಂದು ದಿನದ ಮಟ್ಟಿಗೆ ಮುಚ್ಚಿಹೋಗುತ್ತವೆ. ಮೊರತಾಯಾದಲ್ಲಿ ಮಾತ್ರ ಇದರ ತದ್ವಿರುದ್ಧ ರೂಢಿ: ಅಲ್ಲಿ ಮುಸುಕಿನ ಸಹಿತ ಹೊಲಿದ ಬಣ್ಣಬಣ್ಣದ ಬಟ್ಟೆಗಳ ಅಂಗಿಗಳು ಒಂದರಂತೆ ಒಂದಿರುವುದಿಲ್ಲ. ಎಲ್ಲ ಊರುಗಳಲ್ಲಿಯೂ ಕತ್ತರಿಸುವ, ಹೊಲಿಯುವ, ಬೆಳೆಯುವ ಮಕ್ಕಳಿಗಾಗಿ ಮಡಿಕೆ ಬಿಚ್ಚಿ ಉದ್ದ ಮಾಡುವ ಕೆಲಸ ತಲೆಮಾರುಗಳಿಂದ ಹೆಂಗಸರ ಪಾಲಿನದಾಗಿತ್ತು. ಬಡಿತವನ್ನು ಗಂಡಸರ ಹಕ್ಕೆಂದು ಬಗೆದಿದ್ದ ಕಾಲದಲ್ಲಿ ಹಬ್ಬದ ಅರ್ಧ ಭಾರವನ್ನು ಹೊತ್ತವರು ಬೀದಿಯಲ್ಲಿ ಕಾಣಿಸುತ್ತಲೇ ಇರಲಿಲ್ಲ. 20ನೇ ಶತಮಾನದ ಕೊನೆಯ ದಶಕಗಳಲ್ಲಿ ಹೆಂಗಸರು ತಾವೂ ತಂಬೋರ್ ಹಾಕಿಕೊಂಡು ಬೀದಿಗಿಳಿದದ್ದು ಈ ಪರಂಪರೆಯ ಇತ್ತೀಚಿನ ಇತಿಹಾಸದಲ್ಲಿ ನಡೆದ ಅತ್ಯಂತ ನ್ಯಾಯವಾದ ಬದಲಾವಣೆ.

ಬಡಿತಗಳನ್ನು ಬರೆದಿಟ್ಟು ಕಲಿಸುವ ರೂಢಿ ಹಿಂದೆ ಇರಲಿಲ್ಲ. ನಡೆಗೆ ಹೊಂದುವ ‘ಪಾಲಿಯೇರಾ’ ಎಂಬ ಕಲಾಂಡಾದ ಬಡಿತವಿರಲಿ, ಎಯ್ಯೀನ್‌ನವರು ‘ರಕತಪ್ಲಾ’ ಎನ್ನುವ, ತೊಬಾರ್ರಾದವರು ‘ಸಪತತಾ’ ಎನ್ನುವ ಬಡಿತಗಳಿರಲಿ, ಬಾಯಿಯಿಂದ ನುಡಿದು, ಮೊಣಕಾಲ ಮೇಲೆ ಬೆರಳಿಂದ ತಟ್ಟಿ, ಹಿರಿಯರಿಂದ ಕಿರಿಯರಿಗೆ ದಾಟಿದವು. ನೆಂಟರು ಮತ್ತು ಗೆಳೆಯರು ಕೂಡಿ ಕಟ್ಟಿಕೊಳ್ಳುವ ‘ಕ್ವಾದ್ರೀಯಾ’ ಎಂಬ ಚಿಕ್ಕ ಗುಂಪುಗಳೇ ಈ ಕಲಿಕೆಯ ನೆಲೆ. ಕಲಾಂಡಾದ ಬೀದಿಗಳಲ್ಲಿ ಇಂಥ ಎರಡು ಗುಂಪುಗಳು ಎದುರುಬದುರಾದಾಗ, ಒಂದೊಂದೂ ತನ್ನ ಬಡಿತವನ್ನೇ ಹಿಡಿದು ಇನ್ನೊಂದನ್ನು ತನ್ನತ್ತ ಸೆಳೆಯಲು ನೋಡುತ್ತದೆ. ಯಾರದೋ ಒಬ್ಬರ ಕೈ ಹಿಡಿತ ತಪ್ಪಿ ಎದುರಿನವರ ಲಯಕ್ಕೆ ಒಲಿದಾಗ ಗುಂಪು ಗುಂಪೇ ಅದರತ್ತ ಹೊರಳಿ, ಕೊನೆಗೆ ಎಲ್ಲರೂ ಒಂದೇ ಬಡಿತಕ್ಕೆ ಬರುತ್ತಾರೆ. ಇದನ್ನು ಸ್ಪರ್ಧೆಯೆನ್ನುವುದಕ್ಕಿಂತ ಪರಸ್ಪರ ಆಲಿಸುವಿಕೆಯ ಅತಿ ಕಠಿಣ ರೂಪವೆನ್ನುವುದು ಸರಿ.

ಕೆಳ ಆರಗಾನಿನ ಉಳಿದ ಊರುಗಳಲ್ಲಿ, ಹೊತ್ತು ಒಡೆಯುವ ವಿಧಿಯಿಲ್ಲದ ಅಲ್ಕಾನ್ಯೀಸನ್ನು ಬಿಟ್ಟು, ಮೊದಲ ಏಟು ಬೀಳುವುದು ಗುರುವಾರ ಕಳೆದು ಶುಕ್ರವಾರ ಹುಟ್ಟುವ ನಡುರಾತ್ರಿ. ಈಸ್ಟರ್‌ನ ದಿನವನ್ನು ವಸಂತದ ಹುಣ್ಣಿಮೆಯಿಂದ ಎಣಿಸುವುದರಿಂದ ಆ ರಾತ್ರಿ ಚಂದ್ರ ಸದಾ ಹುಣ್ಣಿಮೆಯ ಆಸುಪಾಸಿನಲ್ಲಿಯೇ ಇರುತ್ತಾನೆ. ಇಹಾರ್‌ನ ಚೌಕದಲ್ಲಿ ಕಪ್ಪು ಅಂಗಿಯವರು ನೆರೆಯುವುದು ಈ ಬೆಳಕಿನಲ್ಲಿ. ಇದೇ ಇಹಾರ್ 15ನೇ ಶತಮಾನದ ಕೊನೆಯಲ್ಲಿ ಹೀಬ್ರೂ ಭಾಷೆಯ ಮುದ್ರಣಾಲಯ ಹೊಂದಿದ್ದ ಊರೆಂಬುದನ್ನೂ, 1492ರ ರಾಜಾಜ್ಞೆಯಿಂದ ಸ್ಪೇನಿನ ಯಹೂದಿಗಳೆಲ್ಲ ಒಂದೋ ಮತಾಂತರವಾಗಬೇಕಾಯಿತು, ಇಲ್ಲವೇ ದೇಶ ತೊರೆಯಬೇಕಾಯಿತು ಎಂಬುದನ್ನೂ ಇಲ್ಲಿ ನೆನೆಯದೆ ಮುಂದೆ ಸಾಗುವುದು ಉಚಿತವಲ್ಲ. ಬಾಯೇನಾದ ಹಬ್ಬದಲ್ಲಿ ಈ ಗಾಯದ ಇನ್ನೊಂದು ಗುರುತು ಕಾಣುತ್ತದೆ: ಅಲ್ಲಿ ತಂಬೋರ್ ಬಡಿಯುವವರು ಏಸುವಿನ ಕಥೆಯ ಯಹೂದಿಗಳ ಪಾತ್ರಧಾರಿಗಳು. ಕೆಂಪು ಕೋಟು ತೊಟ್ಟು, ಹೊಳೆಯುವ ಲೋಹದ ಶಿರಸ್ತ್ರಾಣದ ಹಿಂದಿನಿಂದ ಬೆನ್ನಿನ ಮೇಲೆ ಇಳಿಬಿಟ್ಟ ಕುದುರೆ ಬಾಲದ ಕೂದಲಿನ ಬಣ್ಣಕ್ಕೆ ತಕ್ಕಂತೆ ಅವರು ‘ಬಿಳಿಬಾಲದವರು’, ‘ಕರಿಬಾಲದವರು’ ಎಂಬ ಎರಡು ಬಣಗಳಾಗಿ ಒಡೆದಿದ್ದಾರೆ. ಒಬ್ಬ ವ್ಯಕ್ತಿ ಯಾವ ಬಣದವನೆಂಬುದು ಸಾಮಾನ್ಯವಾಗಿ ಮನೆತನದಿಂದ ಬರುವ ವಿಷಯ. ಶಿರಸ್ತ್ರಾಣದ ತಗಡುಕೆಲಸ, ಕುದುರೆಕೂದಲಿನ ಜೋಡಣೆ, ಕೋಟಿನ ಕಸೂತಿ, ತಂಬೋರಿನ ತೊಗಲು ಎಲ್ಲವನ್ನೂ ಊರಿನಲ್ಲಿಯೇ ಪೂರೈಸಿಕೊಳ್ಳುವ ರೂಢಿ ಬಾಯೇನಾವನ್ನು ಈ ಕಸುಬುಗಳ ಮುಖ್ಯ ನೆಲೆಗಳಲ್ಲಿ ಒಂದಾಗಿಸಿದೆ.

ಬಡಿತದ ಉದ್ದವನ್ನೇ ವ್ರತವಾಗಿಸಿಕೊಂಡ ಊರು ತೊಬಾರ್ರಾ. ಬುಧವಾರ ಮಧ್ಯಾಹ್ನ 4 ಗಂಟೆಗೆ ತೊಡಗಿದ ವಾದನ ಭಾನುವಾರ ನಡುರಾತ್ರಿಯವರೆಗೆ, ಒಟ್ಟು 104 ಗಂಟೆ, ಒಬ್ಬರಿಲ್ಲದಿದ್ದರೆ ಇನ್ನೊಬ್ಬರ ಕೈಯಲ್ಲಿ ಸಾಗುತ್ತದೆ. ಎಯ್ಯೀನ್‌ನಲ್ಲಿ ಸಾವಿರಾರು ಜನ ಬೀದಿಗಿಳಿದು, ಪುನರುತ್ಥಾನದ ಭಾನುವಾರ ಬೆಳಗ್ಗೆ ತಾಯಿ ಮರಿಯಳ ಮತ್ತು ಎದ್ದುಬಂದ ಕ್ರಿಸ್ತನ ವಿಗ್ರಹಗಳು ಸಂಧಿಸುವವರೆಗೂ ರಾತ್ರಿಯಿಡೀ ಬಡಿಯುತ್ತಾರೆ. ಶೋಕದ ಸದ್ದೇ ಅಲ್ಲಿ ಸಂಭ್ರಮದ ಸದ್ದಾಗಿ ಮುಗಿಯುತ್ತದೆ. ಮೂಲಾದಲ್ಲಿ ಮಂಗಳವಾರದ ನಡುರಾತ್ರಿಯೇ ಮುಖ್ಯ. ಯುನೆಸ್ಕೊ ಪಟ್ಟಿಯಲ್ಲಿಲ್ಲದ ಕ್ವೆಂಕಾ ನಗರದ ‘ತುರ್ಬಾಸ್’ ಎಂಬ ಆಚರಣೆಯನ್ನೂ ಈ ಬಳಗದೊಡನೆಯೇ ನೋಡಬೇಕು: ಶುಭ ಶುಕ್ರವಾರದ ಮುಂಜಾವದ ಕತ್ತಲಲ್ಲಿ, ಶಿಲುಬೆ ಹೊತ್ತ ಏಸುವಿನ ವಿಗ್ರಹದ ಮುಂದೆ ಸಾಗುವ ಜನಸ್ತೋಮ ಅಪಶ್ರುತಿಯ ತುತ್ತೂರಿ ಮತ್ತು ತಂಬೋರುಗಳಿಂದ, ಅಂದು ಅವನನ್ನು ಅಣಕಿಸಿದ ಗುಂಪನ್ನು ಅಭಿನಯಿಸುತ್ತದೆ, ಸಾನ್ ಫೆಲೀಪೆ ನೇರಿ ಚರ್ಚಿನ ಮೆಟ್ಟಿಲುಗಳ ಬಳಿ ಗಾಯಕರು ‘ಮಿಸೆರೇರೆ’ ಎಂಬ ಪಶ್ಚಾತ್ತಾಪದ ಕೀರ್ತನೆ ಹಾಡುವಾಗ ಮಾತ್ರ ಅಷ್ಟೂ ಗದ್ದಲ ನಿಲ್ಲುತ್ತದೆ.

ಹೊರಜಗತ್ತಿಗೆ ಈ ಸದ್ದನ್ನು ಮುಟ್ಟಿಸಿದವರಲ್ಲಿ ಮೊದಲಿಗರು ಕಲಾಂಡಾದಲ್ಲಿಯೇ 1900ರಲ್ಲಿ ಹುಟ್ಟಿದ ಚಲನಚಿತ್ರ ನಿರ್ದೇಶಕ ಲೂಯಿಸ್ ಬುನ್ಯುಯೆಲ್. 1930ರ ‘ಲಾಜ್ ದೋರ್’, 1959ರ ‘ನಸರೀನ್’, 1965ರ ‘ಸಿಮೋನ್ ದೆಲ್ ದೆಸಿಯೆರ್ತೊ’ ಚಿತ್ರಗಳಲ್ಲಿ ಕಲಾಂಡಾದ ಬಡಿತವಿದೆ. ಜೀವನದುದ್ದಕ್ಕೂ ಚರ್ಚಿನ ಅಧಿಕಾರವನ್ನು ಪ್ರಶ್ನಿಸುತ್ತ ಬಂದ, ತನ್ನನ್ನು ನಾಸ್ತಿಕನೆಂದೇ ಕರೆದುಕೊಂಡ ಈ ಕಲಾವಿದ 1982ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ಊರಿನ ವಾದನಕ್ಕೆ ಪುಟಗಳನ್ನು ಮೀಸಲಿಟ್ಟು, ಗೋಡೆಯ ಮೇಲೆ ಕೈಯಿಟ್ಟರೆ ಅದರ ನಡುಕ ತಿಳಿಯುತ್ತದೆಂದು ನೆನಪಿಸಿಕೊಂಡಿದ್ದಾರೆ. ‘ನಸರೀನ್’ ಚಿತ್ರದ ಕೊನೆಯಲ್ಲಿ, ಸೆರೆಯಾಳಾಗಿ ನಡೆಯುತ್ತಿರುವ ಪಾದ್ರಿಗೆ ಬೀದಿಬದಿಯ ಹೆಂಗಸೊಬ್ಬಳು ಅನಾನಸ್ ಹಣ್ಣು ಕೊಟ್ಟಾಗ, ಅವನ ಒಳಗಿನ ತಲ್ಲಣವನ್ನು ಹೇಳಲು ಮಾತಾಗಲಿ ಪಿಟೀಲಾಗಲಿ ಇಲ್ಲ, ಈ ಬಡಿತವಿದೆ. ನಂಬಿಕೆ ಉಳಿದವನಿಗೂ ಕಳೆದುಕೊಂಡವನಿಗೂ ಒಂದೇ ಸದ್ದು ಸಲ್ಲುತ್ತದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. ಅವರ ಮಗ ಹ್ವಾನ್ ಲೂಯಿಸ್ ಬುನ್ಯುಯೆಲ್ 1966ರಲ್ಲಿ ‘ಕಲಾಂಡಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಆರಗಾನಿನವರೇ ಆದ ಕಾರ್ಲೋಸ್ ಸೌರಾ 1967ರ ‘ಪೆಪರ್‌ಮಿಂಟ್ ಫ್ರಾಪೆ’ ಚಿತ್ರದಲ್ಲಿ ಅದೇ ವಾದನವನ್ನು ಬಳಸಿ, ಚಿತ್ರವನ್ನು ಬುನ್ಯುಯೆಲ್‌ಗೆ ಅರ್ಪಿಸಿದರು.

ಸಿನಿಮಾ ತಂದ ಖ್ಯಾತಿಗಿಂತ ಈ ಊರುಗಳ ಬದುಕಿನಲ್ಲಿ ದೊಡ್ಡದಾಗಿರುವ ವಿಷಯ ಜನರ ವಲಸೆ. ತೆರ್ವೆಲ್ ಸ್ಪೇನಿನ ಅತಿ ವಿರಳ ಜನಸಂಖ್ಯೆಯ ಪ್ರಾಂತ್ಯಗಳಲ್ಲಿ ಒಂದು. ಕಳೆದ ಶತಮಾನದುದ್ದಕ್ಕೂ ಬಾರ್ಸಿಲೋನಾ, ಸರಗೋಸಾ, ವಲೆನ್ಸಿಯಾ ನಗರಗಳು ಇಲ್ಲಿನ ಯುವಕರನ್ನು ಸೆಳೆದುಕೊಂಡವು. ಕಲ್ಲಿದ್ದಲನ್ನು ನಂಬಿದ್ದ ಆಂದೋರಾದಲ್ಲಿ ಉಷ್ಣವಿದ್ಯುತ್ ಸ್ಥಾವರ 2020ರಲ್ಲಿ ಮುಚ್ಚಿತು, 2022ರಲ್ಲಿ ಅದರ ಬೃಹತ್ ಶೈತ್ಯಗೋಪುರಗಳನ್ನೂ ಉರುಳಿಸಲಾಯಿತು. ಕ್ರಿಸ್‌ಮಸ್‌ಗೆ ಬರದವರೂ ಪವಿತ್ರ ವಾರಕ್ಕೆ ಊರಿಗೆ ಮರಳುವ, ಮಕ್ಕಳಿಗೆ ನಡೆಯಲು ಬಂದೊಡನೆ ಪುಟ್ಟ ತಂಬೋರ್ ಕಟ್ಟುವ ರೂಢಿ ಇಂಥ ನೆಲದಲ್ಲಿ ಭಾವುಕತೆಯ ಮಾತಲ್ಲ. ಊರು ಇನ್ನೂ ಊರಾಗಿ ಉಳಿದಿದೆಯೆಂಬುದಕ್ಕೆ ವರ್ಷಕ್ಕೊಮ್ಮೆ ಸಿಗುವ ಸಾಕ್ಷಿ ಅದು. 2020ರ ಏಪ್ರಿಲ್ 10ರ ಶುಭ ಶುಕ್ರವಾರದಂದು ಕೊರೊನಾ ನಿರ್ಬಂಧದಿಂದ ಚೌಕಗಳು ಬರಿದಾಗಿದ್ದಾಗ, ಜನ ತಮ್ಮ ತಮ್ಮ ಮನೆಯ ಬಾಲ್ಕನಿಗಳಲ್ಲಿ ನಿಂತು ಅದೇ ಹೊತ್ತಿಗೆ ಬಡಿದರು.

ಪ್ರವಾಸಿಗಳ ಸಂಖ್ಯೆ ಏರಿದೆ, ಗಂಭೀರ ವಾದನವನ್ನು ಕ್ಯಾಮೆರಾಗಳು ಸುತ್ತುವರಿಯುತ್ತವೆ, ತಂಡಗಳ ನಡುವೆ ಅಂಕ ಕೊಡುವ ಸ್ಪರ್ಧೆಗಳು ನಡೆಯುತ್ತವೆ. ಸ್ಪರ್ಧೆಗೆ ಸಿದ್ಧವಾಗುವ ತಂಡ ಕೈಚಳಕದಲ್ಲಿ ಮುಂದೆ ಹೋಗುವುದು ಸಹಜ, ಆ ಚಳಕದಿಂದ ಎಳೆಯರು ಆಕರ್ಷಿತರಾಗುವುದೂ ನಿಜ. ಆದರೆ ಅಂಕಕ್ಕಾಗಿ ನುಡಿಸಿದ ಬಡಿತ ಕೇಳುಗನನ್ನು ಹುಡುಕತೊಡಗುತ್ತದೆ, ಕೇಳುಗನಿಲ್ಲದೆಯೇ ಪೂರ್ಣವಾಗಿದ್ದ ವಿಧಿಗೆ ಅದರಿಂದ ಅಪಾಯವಿದೆ. ಅದಕ್ಕಿಂತ ಹತ್ತಿರದ ಅಪಾಯ ಕಾರ್ಯಾಗಾರಗಳದ್ದು. ಬಡಿಯುವವರ ಸಂಖ್ಯೆ ಕುಗ್ಗದಿದ್ದರೂ, ಆಡಿನ ತೊಗಲನ್ನು ಹೆರೆದು ಬಳೆಗೆ ಕೂರಿಸಬಲ್ಲ ಕೈಗಳು ಕಡಿಮೆಯಾದರೆ, ತಂಬೋರ್ ಎಂಬುದು ಎಲ್ಲಿಯೋ ತಯಾರಾಗಿ ಪೆಟ್ಟಿಗೆಯಲ್ಲಿ ಬರುವ ಸರಕಾಗುತ್ತದೆ. ಪ್ರಾತಿನಿಧಿಕ ಪಟ್ಟಿಗೆ ಸೇರಿದ ಆಚರಣೆಗಳ ಸ್ಥಿತಿಗತಿಯನ್ನು ಸದಸ್ಯ ರಾಷ್ಟ್ರಗಳು ಆರು ವರ್ಷಗಳಿಗೊಮ್ಮೆ ಯುನೆಸ್ಕೊಗೆ ವರದಿ ಮಾಡಬೇಕೆಂಬ ನಿಯಮವಿದೆ. ಅಂಥ ವರದಿಯಲ್ಲಿ ಚೌಕದಲ್ಲಿ ನೆರೆದವರ ಎಣಿಕೆಯ ಪಕ್ಕದಲ್ಲಿಯೇ, ಆ ಆರು ವರ್ಷಗಳಲ್ಲಿ ತೊಗಲು ಹೆರೆಯುವುದನ್ನೂ ಬಳೆ ಬಾಗಿಸುವುದನ್ನೂ ಹೊಸದಾಗಿ ಕಲಿತವರೆಷ್ಟು ಮಂದಿ, ಅವರಿಗೆ ಈ ಕಸುಬಿನಿಂದ ಹೊಟ್ಟೆ ತುಂಬುತ್ತಿದೆಯೇ ಎಂಬ ಎರಡು ಸಾಲುಗಳೂ ಇರಬೇಕು.